ಅಕ್ಕನ ಫೋನ್ ಸುಮ್ಮನಾದಾಗ

ಅಕ್ಕನಿಗೆ ಕ್ಯಾನ್ಸರ್ ಅಂತ ಗೊತ್ತಾಗಿ ಮೊದಲ ಕೀಮೋ ಆದ ವಾರ ಮನೆಯಲ್ಲಿ ಫೋನ್ ಒಂದೇ ಸಮನೆ ಹೊಡೆದುಕೊಳ್ಳುತ್ತಿತ್ತು. ಮೂರನೇ ಕೀಮೋ ಹೊತ್ತಿಗೆ ಸುಮ್ಮನಾಯಿತು. ಫೋನ್ ಮಾಡುತ್ತಿದ್ದವರ್ಯಾರೂ ಕೆಟ್ಟವರಲ್ಲ. ಏನು ಮಾತಾಡಬೇಕು ಅಂತ ಗೊತ್ತಾಗದೆ ದೂರ ಸರಿದರು, ಅಷ್ಟೆ. ಇದನ್ನೆಲ್ಲ ನಮ್ಮ ಚಿಕ್ಕಮ್ಮ ನೋಡುತ್ತಿದ್ದರು. "ನೀವೂ ಒಂದ್ಸಲ ಕ್ಯಾನ್ಸರ್ ಟೆಸ್ಟ್ ಮಾಡಿಸಿಕೊಳ್ಳಿ ಚಿಕ್ಕಮ್ಮ" ಅಂದೆ. "ಬೇಡ ಕಣೇ. ಏನಾದ್ರೂ ಇದೆ ಅಂದುಬಿಟ್ರೆ ನನ್ನನ್ನೂ ಎಲ್ಲರೂ ಹೀಗೇ ನೋಡ್ತಾರೆ" ಅಂದರು.

ಆ ಮಾತು ಇನ್ನೂ ನನ್ನನ್ನು ಬಿಟ್ಟಿಲ್ಲ. ಎಷ್ಟು ಹೇಳಿದರೂ ಜನ ಟೆಸ್ಟ್‌ಗೆ ಬರುವುದಿಲ್ಲ ಅಂತ ನಾವು ಬೇಜಾರು ಮಾಡಿಕೊಳ್ಳುತ್ತೇವೆ. ಆದರೆ ಹತ್ತಿರದ ಒಬ್ಬ ರೋಗಿಯನ್ನು ನಾವು ಹೇಗೆ ನಡೆಸಿಕೊಂಡೆವು ಅನ್ನುವುದನ್ನು ಆ ಜನ ಕಣ್ಣಾರೆ ನೋಡಿರುತ್ತಾರೆ ಅಲ್ವಾ?

ಟೆಸ್ಟ್ ತಪ್ಪಿಸಿಕೊಂಡರೆ ಏನು ಕಳೆದುಕೊಳ್ಳುತ್ತೇವೆ ನೋಡಿ. ಒಂದು ಉದಾಹರಣೆ ಹೇಳುತ್ತೇನೆ. ಗರ್ಭಕಂಠದ ಕ್ಯಾನ್ಸರ್ ಹೆಚ್ಚುಕಮ್ಮಿ ಎಲ್ಲ ಸಲವೂ ಬರುವುದು ಎಚ್‌ಪಿವಿ ಅನ್ನುವ ವೈರಸ್‌ನಿಂದ. ಸೋಂಕು ತಗುಲಿದ ಬಹಳಷ್ಟು ಜನರಲ್ಲಿ ಅದು ತಾನಾಗಿಯೇ ಹೋಗಿಬಿಡುತ್ತದೆ. ಉಳಿದುಕೊಂಡರೂ ಕ್ಯಾನ್ಸರ್ ಆಗುವುದಕ್ಕೆ ಸಾಮಾನ್ಯವಾಗಿ 15ರಿಂದ 20 ವರ್ಷ ಬೇಕು. ಅಷ್ಟು ವರ್ಷ ಆ ಜಾಗದ ಜೀವಕೋಶಗಳು ನಿಧಾನವಾಗಿ ಬದಲಾಗುತ್ತಿರುತ್ತವೆ. ನೋವಿಲ್ಲ, ಏನೂ ಇಲ್ಲ. ಕೆಲವೇ ನಿಮಿಷದ ಒಂದು ಪರೀಕ್ಷೆ ಅದನ್ನು ಹಿಡಿದರೆ, ಕ್ಯಾನ್ಸರ್ ಆಗುವ ಮೊದಲೇ ಆ ಭಾಗವನ್ನು ತೆಗೆದುಬಿಡಬಹುದು. ಅದಕ್ಕೇ ವಿಶ್ವ ಆರೋಗ್ಯ ಸಂಸ್ಥೆ, 2030ರೊಳಗೆ ನೂರಕ್ಕೆ 70 ಹೆಂಗಸರಾದರೂ 35ರೊಳಗೆ ಒಮ್ಮೆ, 45ರೊಳಗೆ ಇನ್ನೊಮ್ಮೆ ಈ ಪರೀಕ್ಷೆ ಮಾಡಿಸಿಕೊಂಡಿರಬೇಕು ಅಂತ ಗುರಿ ಇಟ್ಟಿದೆ.

ಎಲ್ಲ ಕ್ಯಾನ್ಸರ್‌ಗೂ ಇಂಥ ಒಳ್ಳೆ ಟೆಸ್ಟ್ ಇಲ್ಲ, ನಿಜ. ಮ್ಯಾಮೊಗ್ರಾಮ್ (ಸ್ತನದ ಎಕ್ಸ್‌ರೇ) ಆದಮೇಲೆ ಮತ್ತೆ ಕರೆದರು ಅಂದ ತಕ್ಷಣ ಕ್ಯಾನ್ಸರ್ ಇದೆ ಅಂತಲೂ ಅಲ್ಲ. ಹಾಗೆ ಕರೆಸಿಕೊಂಡ ಹೆಚ್ಚಿನವರಿಗೆ ಏನೂ ಇರುವುದಿಲ್ಲ. ಇನ್ನೊಂದು ಮಾತು: ಗಂಟು, ರಕ್ತಸ್ರಾವ, ವಾಸಿಯಾಗದ ಹುಣ್ಣು ಕಂಡರೆ ಇಂಥ ಟೆಸ್ಟ್‌ನ ದಿನಕ್ಕಾಗಿ ಕಾಯಬೇಡಿ. ನೇರ ಡಾಕ್ಟರ್ ಹತ್ತಿರ ಹೋಗಿ.

ಈಗ ಅಕ್ಕನ ವಿಷಯಕ್ಕೆ ಬರುತ್ತೇನೆ. "ಏನಾದ್ರೂ ಬೇಕಿದ್ರೆ ಹೇಳು" ಅಂತ ಬಹಳ ಜನ ಅಂದರು. ಆದರೆ ಅಷ್ಟು ಸುಸ್ತಾದವಳು ಏನು ಬೇಕು ಅಂತ ಯೋಚಿಸಿ, ಫೋನ್ ಎತ್ತಿ, ಕೇಳಬೇಕಲ್ಲ? ಅವಳಿಗೆ ಅದೇ ದೊಡ್ಡ ಕೆಲಸ. ಅವಳ ಒಬ್ಬ ಗೆಳತಿ ಮಾತ್ರ ಏನೂ ಕೇಳಲಿಲ್ಲ. ಪ್ರತಿ ಮಂಗಳವಾರ ಬರುತ್ತಿದ್ದಳು. ಪಾತ್ರೆ ತೊಳೆದು, ಒಣಗಿದ ಬಟ್ಟೆ ಮಡಚಿಟ್ಟು, ಅಕ್ಕ ಮಾತಾಡಿದರೆ ಮಾತಾಡಿ, ಇಲ್ಲದಿದ್ದರೆ ಸುಮ್ನೆ ಕೂತು ಹೋಗುತ್ತಿದ್ದಳು. ಬಾಯಿಗೆ ಏನು ಇಟ್ಟರೂ ಕಬ್ಬಿಣದ ರುಚಿ ಅಂತ ಅಕ್ಕ ಒಮ್ಮೆ ಅಂದಿದ್ದಳು. ಮುಂದಿನ ವಾರ ಗೆಳತಿ ಒಂದು ಮರದ ಚಮಚ ತಂದಳು. ಆ ಚಮಚ ಹಿಡಿದುಕೊಂಡು ಅಕ್ಕ ಅತ್ತಿದ್ದನ್ನು ನಾನು ನೋಡಿದ್ದೇನೆ. ತನಗೆ ಸ್ವಲ್ಪ ನೆಗಡಿ ಇದ್ದ ವಾರ ಗೆಳತಿ ಬರಲಿಲ್ಲ. ಕೀಮೋ ಆದಮೇಲೆ ಸೋಂಕು ತಡೆಯುವ ಬಿಳಿ ರಕ್ತಕಣ ಕಡಿಮೆಯಾಗಿರುತ್ತದೆ, ಆಗ ಜ್ವರ 38 ಡಿಗ್ರಿ ಸೆಲ್ಸಿಯಸ್ (100.4 ಫ್ಯಾರನ್‌ಹೀಟ್) ಮುಟ್ಟಿದರೆ ಕಾಯದೆ ಆಸ್ಪತ್ರೆಗೆ ಓಡಬೇಕು. ಅದನ್ನೂ ಅವಳು ಕೇಳಿ ತಿಳಿದುಕೊಂಡಿದ್ದಳು.

"ಧೈರ್ಯವಾಗಿರು, ನೀನು ಗೆಲ್ತೀಯ" ಅನ್ನುವ ಮಾತು ನನಗೆ ಈಗ ಇಷ್ಟವಾಗುವುದಿಲ್ಲ. ಹೇಳುವವರ ಮನಸ್ಸು ಒಳ್ಳೆಯದೇ. ಆದರೆ ಅದನ್ನು ಕೇಳಿ ಕೇಳಿ ಅಕ್ಕ ನಮ್ಮೆದುರು ಅಳುವುದನ್ನೇ ನಿಲ್ಲಿಸಿದಳು. ಭಯವಾಗುತ್ತಿದೆ ಅಂದರೆ ಸೋತೆ ಅಂದುಕೊಳ್ಳುತ್ತಾರೆ ಅನ್ನುವ ಹೆದರಿಕೆ ಅವಳಿಗೆ. ಚಿಕಿತ್ಸೆ ಮುಗಿದಮೇಲೂ ಅಷ್ಟೆ. "ಅಂತೂ ಮುಗೀತಲ್ಲ" ಅಂತ ಎಲ್ಲರೂ ನಿರಾಳವಾದರು. ಅವಳ ಸುಸ್ತು ತಿಂಗಳುಗಟ್ಟಲೆ ಉಳಿಯಿತು. ಪ್ರತಿ ಫಾಲೋ ಅಪ್ ಸ್ಕ್ಯಾನ್‌ಗೆ ಒಂದು ವಾರ ಮೊದಲೇ ನಿದ್ದೆ ಹಾರಿಹೋಗುತ್ತಿತ್ತು. ನಿಜವಾಗಿ ಫೋನ್ ಹೊಡೆದುಕೊಳ್ಳಬೇಕಿದ್ದದ್ದು ಆಗ.

ಹೋದ ವಾರ ಚಿಕ್ಕಮ್ಮ ಟೆಸ್ಟ್ ಮಾಡಿಸಿಕೊಂಡರು. ನನ್ನ ಮಾತಿಗಲ್ಲ. ಅಕ್ಕನೇ "ನಾನು ಜೊತೇಲಿ ಬರ್ತೀನಿ, ಹೊರಗೆ ಕೂತಿರ್ತೀನಿ" ಅಂದಳು. ರಿಪೋರ್ಟ್ ಇನ್ನೂ ಬಂದಿಲ್ಲ. ದಿನಾ ಸಂಜೆ ನಾನು ಚಿಕ್ಕಮ್ಮನಿಗೆ ಫೋನ್ ಮಾಡುತ್ತಿದ್ದೇನೆ. ರಿಪೋರ್ಟ್‌ನಲ್ಲಿ ಏನೇ ಬರಲಿ, ಆಮೇಲೂ ಮಾಡುತ್ತೇನೆ.