ಕೊಟ್ಟವರು ನಿರ್ದೋಷಿ, ಹುಡುಗ ಮಾತ್ರ ಹೊರಗೆ

ನಮಸ್ಕಾರ. ಅಮೆರಿಕದ ಕಾಲೇಜು ಬ್ಯಾಸ್ಕೆಟ್‌ಬಾಲ್ ನೋಡುವವರಿಗೆ ಈ ಸುದ್ದಿ ಹೊಸದಲ್ಲ. ಇಂಥ ಆಟಗಾರನ ಅರ್ಹತೆ ಬಗ್ಗೆ ತನಿಖೆ, ನಿಯಮ ಮೀರಿ ಸವಲತ್ತು ಪಡೆದ ಆರೋಪ. ಸುದ್ದಿ ಬಂದ ಸ್ವಲ್ಪ ಹೊತ್ತಿಗೇ ಅಭಿಮಾನಿಗಳು ಎರಡು ಪಾಳಯ ಆಗಿರುತ್ತಾರೆ. ಅವನ ತಂಡದವರು "ಶನಿವಾರ ಆಡ್ತಾನಾ ಇಲ್ವಾ?" ಅಂತ ಕೇಳುತ್ತಾರೆ. ಎದುರು ತಂಡದವರು "ಕಳ್ಳರು ಸಿಕ್ಕಿಬಿದ್ದರು" ಅಂತ ಕುಣಿಯುತ್ತಾರೆ. ಇಬ್ಬರಿಗೂ ಪಂದ್ಯ ಕಾಣುತ್ತೆ, ಹುಡುಗ ಕಾಣುವುದಿಲ್ಲ.

ಇವತ್ತು ನಾನು ಮಾತಾಡುವುದು ಜೇಮ್ಸ್ ವೈಸ್‌ಮನ್ ವಿಷಯ. 2019ರದ್ದು. ಹಳೇ ಕಥೆ ಅನ್ನಿಸಬಹುದು. ಆದರೆ ಈ ಪ್ರಕರಣದಲ್ಲಿ ಕೊನೆಯ ತೀರ್ಪು ಬಂದದ್ದು ಮೂರು ವರ್ಷ ಆದ ಮೇಲೆ. ಅಷ್ಟು ಹೊತ್ತಿಗೆ ಎರಡೂ ಕಡೆಯ ಅಭಿಮಾನಿಗಳು ಬೇರೆ ಹುಡುಗರ ಹಿಂದೆ ಹೋಗಿಯಾಗಿತ್ತು. ಆ ತೀರ್ಪನ್ನು ಇಟ್ಟುಕೊಂಡು ಮೊದಲ ದಿನದ ಕೂಗಾಟವನ್ನು ನೋಡಿದರೆ ಎಷ್ಟು ತಪ್ಪು ಜಾಗಕ್ಕೆ ಸಿಟ್ಟು ಸುರಿದಿದ್ದರು ಅಂತ ಗೊತ್ತಾಗುತ್ತೆ.

ವೈಸ್‌ಮನ್ 7 ಅಡಿ ಎತ್ತರದ ಸೆಂಟರ್. ಆ ವರ್ಷ ಇಡೀ ಅಮೆರಿಕದಲ್ಲಿ ಕಾಲೇಜು ಸೇರುತ್ತಿದ್ದ ಆಟಗಾರರಲ್ಲಿ ಮೊದಲ ಸ್ಥಾನದವನು. ನಮ್ಮವರು, ಅದರಲ್ಲೂ ಬೇ ಏರಿಯಾದಲ್ಲಿರುವ ಕನ್ನಡದವರು, ಬಹುಶಃ ಅವನನ್ನು ಮೊದಲು ನೋಡಿದ್ದು ವೃತ್ತಿಪರ ಲೀಗ್ ಎನ್‌ಬಿಎನ ಗೋಲ್ಡನ್ ಸ್ಟೇಟ್ ವಾರಿಯರ್ಸ್ ತಂಡದ ಅಂಗಿಯಲ್ಲಿ. ಎನ್‌ಬಿಎ ತಂಡಗಳು ಹೊಸ ಆಟಗಾರರನ್ನು ಸರದಿಯಲ್ಲಿ ಆರಿಸುವ 2020ರ ಡ್ರಾಫ್ಟ್‌ನಲ್ಲಿ ಎರಡನೆಯವನಾಗಿ ಅವನನ್ನು ತೆಗೆದುಕೊಂಡರು. ಅದಕ್ಕೂ ಮುಂಚೆ ಅವನು ಮೆಂಫಿಸ್ ವಿಶ್ವವಿದ್ಯಾಲಯದ ಹುಡುಗ.

ಈ ಕಥೆಯಲ್ಲಿ ಇನ್ನೊಬ್ಬರು ಪೆನ್ನಿ ಹಾರ್ಡವೇ. ಮೆಂಫಿಸ್‌ನಲ್ಲೇ ಹುಟ್ಟಿ ಬೆಳೆದವರು. ಅದೇ ವಿಶ್ವವಿದ್ಯಾಲಯಕ್ಕೆ ಆಡಿದರು, ಆಮೇಲೆ ಎನ್‌ಬಿಎನ ಒರ್ಲಾಂಡೊ ಮ್ಯಾಜಿಕ್ ತಂಡದಲ್ಲಿ ದೊಡ್ಡ ತಾರೆ ಆದರು. 2008ರಲ್ಲಿ ತಮ್ಮ ವಿಶ್ವವಿದ್ಯಾಲಯಕ್ಕೆ 10 ಲಕ್ಷ ಡಾಲರ್ ದಾನ ಕೊಟ್ಟರು. ಕಾಲೇಜಿನ ಕ್ರೀಡಾ ವಿಭಾಗಕ್ಕೆ ಹೀಗೆ ದುಡ್ಡು ಕೊಟ್ಟವರನ್ನು ಅಲ್ಲಿ ಬೂಸ್ಟರ್ ಅಂತಾರೆ. ಬೂಸ್ಟರ್ ಆದವರು ಆಟಗಾರರಿಗೂ ಅವರ ಮನೆಯವರಿಗೂ ಆಗ ದುಡ್ಡು ಕೊಡುವ ಹಾಗಿರಲಿಲ್ಲ. ಒಮ್ಮೆ ಬೂಸ್ಟರ್ ಆದರೆ ಎಂದೆಂದಿಗೂ ಬೂಸ್ಟರ್. ಇದು ಕಾಲೇಜು ಕ್ರೀಡೆ ನಡೆಸುವ ಎನ್‌ಸಿಎಎ ಸಂಸ್ಥೆಯ ನಿಯಮ.

2017ರಲ್ಲಿ ಹಾರ್ಡವೇ ಮೆಂಫಿಸ್‌ನ ಈಸ್ಟ್ ಹೈಸ್ಕೂಲ್‌ಗೆ ಕೋಚ್. ವೈಸ್‌ಮನ್ ಮನೆ ಇದ್ದದ್ದು ನ್ಯಾಶ್‌ವಿಲ್‌ನಲ್ಲಿ, ಹೆಚ್ಚುಕಮ್ಮಿ 340 ಕಿಲೋಮೀಟರ್ ದೂರ. ಆ ಬೇಸಿಗೆಯಲ್ಲಿ ಅವನ ಅಮ್ಮ ಮಕ್ಕಳ ಜೊತೆ ಮೆಂಫಿಸ್‌ಗೆ ಮನೆ ಬದಲಾಯಿಸಿದರು. ಅದರ ಖರ್ಚಿಗೆ ಹಾರ್ಡವೇ 11,500 ಡಾಲರ್ ಕೊಟ್ಟರು. ಹುಡುಗನಿಗೆ ಈ ದುಡ್ಡಿನ ವಿಷಯ ಗೊತ್ತೇ ಇರಲಿಲ್ಲ ಅಂತ ವಿಶ್ವವಿದ್ಯಾಲಯ ಆಮೇಲೆ ಹೇಳಿತು. 2018ರ ಮಾರ್ಚ್‌ನಲ್ಲಿ ಹಾರ್ಡವೇ ಮೆಂಫಿಸ್ ವಿಶ್ವವಿದ್ಯಾಲಯಕ್ಕೇ ಕೋಚ್ ಆದರು. ಅಲ್ಲಿಯವರೆಗೆ ಕೆಂಟಕಿ ವಿಶ್ವವಿದ್ಯಾಲಯಕ್ಕೆ ಹೋಗಬಹುದು ಅಂತ ಎಲ್ಲರೂ ಅಂದುಕೊಂಡಿದ್ದ ಹುಡುಗ ಮೆಂಫಿಸ್ ಆರಿಸಿಕೊಂಡ.

ಇಲ್ಲಿ ಮೆಂಫಿಸ್ ಅಭಿಮಾನಿಗಳಿಗೆ ಒಂದು ಮಾತು ನೇರವಾಗಿ ಹೇಳಬೇಕು. ಇದನ್ನು ನೋಡಿ ಬೇರೆಯವರಿಗೆ ಅನುಮಾನ ಬಂದರೆ ಅದು ಹೊಟ್ಟೆಕಿಚ್ಚು ಅಲ್ಲ. ಹಳೇ ಆಟಗಾರ ದುಡ್ಡು ಕೊಟ್ಟರು, ಹುಡುಗ ಊರಿಗೆ ಬಂದ, ವರ್ಷದೊಳಗೆ ಅವರೇ ವಿಶ್ವವಿದ್ಯಾಲಯದ ಕೋಚ್, ಹುಡುಗ ಅಲ್ಲಿಗೇ. ಕೇಳಬೇಕಾದ ಪ್ರಶ್ನೆ ಇದೆ. ಶ್ರೀಮಂತರು ದುಡ್ಡು ಹಿಡಿದು ಹೈಸ್ಕೂಲ್ ಮಕ್ಕಳ ಮನೆ ಬಾಗಿಲಿಗೆ ಹೋಗಬಾರದು ಅನ್ನುವ ನಿಯಮದಲ್ಲಿ ಅರ್ಥವಿದೆ. ನಾನು ಅದನ್ನು ಒಪ್ಪುತ್ತೇನೆ. ಆದರೆ ಆ ಪ್ರಶ್ನೆ ಯಾರಿಗೆ ಕೇಳಬೇಕಿತ್ತು? ಕೊಟ್ಟವರಿಗೆ. ಅವರನ್ನು ಕೋಚ್ ಮಾಡಿದ ವಿಶ್ವವಿದ್ಯಾಲಯಕ್ಕೆ. ಮತ್ತೆ ಎನ್‌ಸಿಎಎಗೆ, ಯಾಕೆಂದರೆ 2019ರ ಮೇ ತಿಂಗಳಲ್ಲಿ "ಇವನು ಆಡಬಹುದು" ಅಂತ ಒಪ್ಪಿಗೆ ಕೊಟ್ಟದ್ದು ಅವರೇ.

ನವೆಂಬರ್ 5, 2019. ಮೊದಲ ಪಂದ್ಯ. ಸೌತ್ ಕ್ಯಾರೊಲಿನಾ ಸ್ಟೇಟ್ ಎದುರು ವೈಸ್‌ಮನ್ 28 ಅಂಕ, 11 ರಿಬೌಂಡ್ (ಬುಟ್ಟಿಗೆ ಬೀಳದೆ ಪುಟಿದ ಚೆಂಡನ್ನು ಹಿಡಿಯುವುದು). ಅದೇ ಹೊತ್ತಿಗೆ ಎನ್‌ಸಿಎಎ ವಿಶ್ವವಿದ್ಯಾಲಯಕ್ಕೆ ಹೇಳಿತು: ಇವನು ಅನರ್ಹ ಇರಬಹುದು. ಮೇ ತಿಂಗಳಲ್ಲಿ ಅರ್ಹ, ನವೆಂಬರ್‌ನಲ್ಲಿ ಅನರ್ಹ. ಈ ಮಧ್ಯೆ ಹುಡುಗ ಹೊಸದಾಗಿ ಏನೂ ಮಾಡಿರಲಿಲ್ಲ.

ನವೆಂಬರ್ 8ರಂದು ಅವನ ವಕೀಲರು ನ್ಯಾಯಾಲಯದಿಂದ ತಡೆಯಾಜ್ಞೆ ತಂದರು. ಅದೇ ರಾತ್ರಿ ಇಲಿನಾಯ್-ಶಿಕಾಗೊ ಎದುರು ಪಂದ್ಯ. ಮೆಂಫಿಸ್‌ನ ಫೆಡ್‌ಎಕ್ಸ್‌ಫೋರಂ ಕ್ರೀಡಾಂಗಣದ ತುಂಬಾ ಜನ. ಹುಡುಗ ಆಡಿದ, ಊರು ಕುಣಿಯಿತು. ನಾನು ಆ ಸಂಭ್ರಮವನ್ನು ಒಪ್ಪಲಾರೆ. ಆಡಿಸಿದ್ದು ವಿಶ್ವವಿದ್ಯಾಲಯದ ತೀರ್ಮಾನ, ಅದರ ಜವಾಬ್ದಾರಿ ಅವರದ್ದೇ ಅಂತ ಎನ್‌ಸಿಎಎ ಎಲ್ಲರಿಗೂ ಕೇಳುವ ಹಾಗೆ ಹೇಳಿತ್ತು. ಎಚ್ಚರಿಕೆ ಕಣ್ಣ ಮುಂದೆ ಇತ್ತು. ಆಡಿದಷ್ಟೂ ಗಂಟು ಬಿಗಿಯಾಗುತ್ತೆ ಅಂತ ದೊಡ್ಡವರಿಗೆ ಗೊತ್ತಿತ್ತು. ಆದರೂ ನಾಲ್ಕು ದಿನ ಬಿಟ್ಟು ಪೋರ್ಟ್‌ಲ್ಯಾಂಡ್‌ನಲ್ಲಿ ಒರೆಗಾನ್ ಎದುರು ಮತ್ತೆ ಇಳಿಸಿದರು. 82-74ರಲ್ಲಿ ಸೋತರು. ಎರಡು ದಿನ ಆದ ಮೇಲೆ ಮೊಕದ್ದಮೆ ವಾಪಸ್. ವಿಶ್ವವಿದ್ಯಾಲಯವೇ ಅವನನ್ನು ಅನರ್ಹ ಅಂತ ಘೋಷಿಸಿ, ಮತ್ತೆ ಆಡಲು ಬಿಡಿ ಅಂತ ಎನ್‌ಸಿಎಎಗೆ ಅರ್ಜಿ ಹಾಕಿತು. ಒಂದು ವಾರದ ಹಿಂದೆ "ನಿನ್ನ ಜೊತೆ ನಾವಿದ್ದೇವೆ" ಅಂದವರು!

ಮೆಂಫಿಸ್ ಜನರ ಸಿಟ್ಟಿಗೆ ಹಿನ್ನೆಲೆ ಇದೆ, ಅದನ್ನೂ ಹೇಳಬೇಕು. ಆ ತಂಡ 1985ರಲ್ಲಿ ಕಾಲೇಜುಗಳ ರಾಷ್ಟ್ರೀಯ ಟೂರ್ನಿಯ ಕೊನೆಯ ನಾಲ್ಕಕ್ಕೆ ಬಂದದ್ದನ್ನು ದಾಖಲೆಯಿಂದ ತೆಗೆದಿದ್ದಾರೆ. 2008ರಲ್ಲಿ 38 ಪಂದ್ಯ ಗೆದ್ದು ಫೈನಲ್‌ವರೆಗೆ ಹೋಯಿತು. ಆ 38 ಗೆಲುವೂ ರದ್ದು, ತಂಡದ ತಾರೆ ಡೆರಿಕ್ ರೋಸ್ ಅವರ ಪ್ರವೇಶ ಪರೀಕ್ಷೆಯ ಅಂಕ ಊರ್ಜಿತವಲ್ಲ ಅಂತ ಆದದ್ದರಿಂದ. ಶಿಕ್ಷೆ ಬರುವ ಹೊತ್ತಿಗೆ ರೋಸ್ ಎನ್‌ಬಿಎನಲ್ಲಿದ್ದರು, ಕೋಚ್ ಜಾನ್ ಕ್ಯಾಲಿಪಾರಿ ಕೆಂಟಕಿಗೆ ಹೋಗಿದ್ದರು. ಊರಲ್ಲಿ ಉಳಿದದ್ದು ಅಭಿಮಾನಿಗಳು ಮಾತ್ರ. ತಮ್ಮ ಬದುಕಿನ ಒಳ್ಳೆಯ ರಾತ್ರಿಗಳು "ನಡೆದೇ ಇಲ್ಲ" ಅಂತ ಯಾರೋ ಕಾಗದದಲ್ಲಿ ಬರೆದರೆ ಹೊಟ್ಟೆ ಉರಿಯುತ್ತೆ, ಅಲ್ವಾ? ಆ ಉರಿ ನನಗೆ ಅರ್ಥ ಆಗುತ್ತೆ. ಆದರೆ ಆ ಸೇಡನ್ನು ತೀರಿಸುವ ಕೆಲಸ ಒಬ್ಬ 18ರ ಹುಡುಗನ ಹೆಗಲಿಗೆ ಬಂತು.

ನವೆಂಬರ್ 20ಕ್ಕೆ ತೀರ್ಮಾನ. 12 ಪಂದ್ಯ ಅಮಾನತು. ಅದರ ಜೊತೆ 11,500 ಡಾಲರನ್ನು ಯಾವುದಾದರೂ ದಾನದ ಸಂಸ್ಥೆಗೆ ಕೊಡಬೇಕು.

ಈ ಎರಡನೇ ಮಾತನ್ನು ಸ್ವಲ್ಪ ನಿಧಾನವಾಗಿ ಯೋಚಿಸಿ. ದುಡ್ಡು ಮುಟ್ಟಿದವನು ಅವನಲ್ಲ. ಮನೆ ಸಾಗಿಸುವುದಕ್ಕೆ ಆ ದುಡ್ಡು ಎರಡು ವರ್ಷದ ಹಿಂದೆಯೇ ಖರ್ಚಾಗಿದೆ. ಆಗಿನ ನಿಯಮದ ಪ್ರಕಾರ ಅವನು ತನ್ನ ಹೆಸರು, ತನ್ನ ಮುಖ ಬಳಸಿ ಒಂದು ಡಾಲರ್ ದುಡಿಯುವ ಹಾಗಿಲ್ಲ. ಅಮ್ಮ ಕೊಟ್ಟುಬಿಡಬಹುದಲ್ಲ ಅಂದರೆ, ಅಮ್ಮನ ಹತ್ತಿರ ಅದನ್ನು ತಗೊಳ್ಳುವುದಕ್ಕೆ ಆಗುವುದಿಲ್ಲ ಅಂತ ಅವನೇ ಹೇಳಿದ. ಜನ ಆನ್‌ಲೈನ್‌ನಲ್ಲಿ ನಿಧಿ ಕೂಡಿಸಲು ಹೊರಟರು. ಅದನ್ನೂ ಮುಟ್ಟುವ ಹಾಗಿರಲಿಲ್ಲ. ಮತ್ತೆ ಎಲ್ಲಿಂದ ತರಬೇಕು ಅವನು? ಈ ಶಿಕ್ಷೆ ಬರೆದವರು ಮಾರ್ಚ್‌ನಲ್ಲಿ ನಡೆಯುವ ಆ ರಾಷ್ಟ್ರೀಯ ಟೂರ್ನಿಯ ಟಿವಿ ಹಕ್ಕನ್ನು 2032ರವರೆಗೆ ಮುಂದುವರಿಸುವುದಕ್ಕೆ 880 ಕೋಟಿ ಡಾಲರ್‌ಗೆ ಒಪ್ಪಂದ ಮಾಡಿಕೊಂಡವರು.

ಆ ದಿನಗಳಲ್ಲಿ ಎದುರು ತಂಡಗಳ ಅಭಿಮಾನಿಗಳು ತುಂಬಾ ಆಡಿದ ಮಾತು "ಅವರಮ್ಮ ಯಾಕೆ ತಗೊಂಡರು?" ಅನ್ನೋದು. ನನಗೆ ಎಲ್ಲಕ್ಕಿಂತ ಜಾಸ್ತಿ ನೋವಾಗುವುದು ಇಲ್ಲೇ. ಮಕ್ಕಳನ್ನು ಕಟ್ಟಿಕೊಂಡು ಊರು ಬದಲಾಯಿಸುವ ಹೆಂಗಸಿಗೆ ಊರಿನ ದೊಡ್ಡ ಮನುಷ್ಯರೊಬ್ಬರು ಸಹಾಯ ಮಾಡುತ್ತಾರೆ. ಆ ಮನುಷ್ಯ 9 ವರ್ಷದ ಹಿಂದೆ ಒಂದು ವಿಶ್ವವಿದ್ಯಾಲಯಕ್ಕೆ ದಾನ ಕೊಟ್ಟಿದ್ದರು, ಅದರಿಂದ ನಿಯಮದ ಲೆಕ್ಕದಲ್ಲಿ ಅವರು ಬೇರೆಯೇ ಜಾತಿಯ ವ್ಯಕ್ತಿ ಅಂತ ಆಕೆ ತಿಳಿದಿರಬೇಕಿತ್ತೇ? ಅದನ್ನು ತಿಳಿದಿರಬೇಕಾದವರು ಸಂಬಳ ತಗೊಂಡು ಅದೇ ಕೆಲಸ ಮಾಡುವ ಅಧಿಕಾರಿಗಳು. ಅವರ ಹೆಸರನ್ನು ಒಬ್ಬ ಅಭಿಮಾನಿಯೂ ಕೂಗಲಿಲ್ಲ.

ವೈಸ್‌ಮನ್ ಕಾಯಲಿಲ್ಲ. ಜನವರಿ 12ಕ್ಕೆ ಮತ್ತೆ ಆಡಬಹುದಿತ್ತು. ಡಿಸೆಂಬರ್ 19ಕ್ಕೇ ಕಾಲೇಜು ಬಿಟ್ಟ. ಒಟ್ಟು ಆಡಿದ್ದು ಮೂರು ಪಂದ್ಯ. ಆಗ ಅವನ ಮೇಲೆ ಸ್ವಂತ ಊರಿನವರೇ ಕೆಲವರು ಮುನಿಸಿಕೊಂಡರು, ಕೈಕೊಟ್ಟ ಅಂತ. ಒಂದು ತಿಂಗಳ ಹಿಂದೆ ಅವನ ಹೆಸರು ಕೂಗಿ ಕೂಗಿ ಗಂಟಲು ಕಟ್ಟಿಸಿಕೊಂಡಿದ್ದವರು. ಅವನ ಪರ ನಿಂತದ್ದು ಅವನಿಗಾಗಿಯೋ, ಅವನ ರಿಬೌಂಡ್‌ಗಳಿಗಾಗಿಯೋ? ಈ ಪ್ರಶ್ನೆ ಸುಮ್ನೆ ಕೇಳುತ್ತಿಲ್ಲ. ಪ್ರೀತಿ ಇದ್ದಿದ್ದರೆ, ನಿನಗೆ ಒಳ್ಳೆಯದಾಗಲಿ ಹೋಗು ಅನ್ನುವುದು ಅಷ್ಟು ಕಷ್ಟ ಆಗುತ್ತಿರಲಿಲ್ಲ.

ಇನ್ನು 2022ರ ಸೆಪ್ಟೆಂಬರ್‌ಗೆ ಬರೋಣ. ಪ್ರಕರಣವನ್ನು ಎನ್‌ಸಿಎಎ ಹೊರಗಿನ ಒಂದು ಸ್ವತಂತ್ರ ಮಂಡಳಿ ವಿಚಾರಿಸಿತ್ತು. ಅದರ ತೀರ್ಪು: ಹಾರ್ಡವೇ ತಪ್ಪು ಮಾಡಿಲ್ಲ. ಬೂಸ್ಟರ್ ಆಗುವುದಕ್ಕೆ ಮುಂಚಿನಿಂದಲೂ ಅವರು ಮೆಂಫಿಸ್‌ನ ಬಡ ಮಕ್ಕಳಿಗೆ ಸಹಾಯ ಮಾಡುತ್ತಾ ಬಂದವರು, ಈ ಸಹಾಯವೂ ಅದೇ ಸಾಲಿನದು. ಅವರಿಗೆ ಶಿಕ್ಷೆ ಇಲ್ಲ. ವಿಶ್ವವಿದ್ಯಾಲಯಕ್ಕೆ ಮೂರು ವರ್ಷದ ನಿಗಾ, 5,000 ಡಾಲರ್ ಮತ್ತು ತಂಡದ ಬಜೆಟ್‌ನ ಒಂದು ಸಣ್ಣ ಪಾಲು ದಂಡ. ಟೂರ್ನಿಗೆ ಹೋಗಬಾರದು ಅನ್ನುವ ನಿಷೇಧವೂ ಇಲ್ಲ. ವೈಸ್‌ಮನ್ ಆಡಿ ಗೆದ್ದ ಎರಡು ಪಂದ್ಯ ರದ್ದು.

ಹಾರ್ಡವೇ ಬಗ್ಗೆ ಆ ಮಂಡಳಿ ಹೇಳಿದ್ದು ಸರಿ ಅಂತಲೇ ನನ್ನ ಅಭಿಪ್ರಾಯ. ಆದರೆ ಕೊಟ್ಟವರ ಸಹಾಯ ತಪ್ಪಲ್ಲ ಅಂತಾದರೆ, ಆ ಸಹಾಯದ ವಿಷಯ ಗೊತ್ತೇ ಇಲ್ಲದ ಹುಡುಗ 12 ಪಂದ್ಯ ಯಾಕೆ ಹೊರಗೆ ಕೂತಿರಬೇಕಿತ್ತು? ಇದಕ್ಕೆ ಯಾರೂ ಉತ್ತರ ಕೊಡಲಿಲ್ಲ. ತೀರ್ಪು ಬಂದ ದಿನ ಮೆಂಫಿಸ್ ಅಭಿಮಾನಿಗಳು ನಿಟ್ಟುಸಿರು ಬಿಟ್ಟರು, ನಿಷೇಧ ತಪ್ಪಿತಲ್ಲ ಅಂತ. ಎದುರಾಳಿಗಳು, ಇಷ್ಟೇನಾ ಶಿಕ್ಷೆ ಅಂತ ಗೊಣಗಿದರು. ಈ ಪ್ರಶ್ನೆಯನ್ನು ಯಾವ ಪಾಳಯವೂ ಗಟ್ಟಿಯಾಗಿ ಕೇಳಲಿಲ್ಲ.

ಅಭಿಮಾನಿಗಳು ಕೇಳಿದರೆ ಏನೂ ಆಗುವುದಿಲ್ಲ ಅನ್ನಬೇಡಿ. 2014ರಲ್ಲಿ ಕನೆಕ್ಟಿಕಟ್ ತಂಡ ಚಾಂಪಿಯನ್ ಆಯಿತು. ಅದರ ತಾರೆ ಶಬಾಜ್ ನೇಪಿಯರ್, ಕೆಲವು ರಾತ್ರಿ ಹಸಿದುಕೊಂಡೇ ಮಲಗುತ್ತೇನೆ ಅಂದ. ದೇಶವೇ ಕೆರಳಿತು. ಅದೇ ತಿಂಗಳು ಆಟಗಾರರ ಊಟದ ಮೇಲಿದ್ದ ಮಿತಿಯನ್ನು ಎನ್‌ಸಿಎಎ ತೆಗೆಯಿತು. ಆ ಪ್ರಸ್ತಾವ ಮೊದಲೇ ಇತ್ತು, ನಿಜ. ಆದರೆ ಹಾಗೆ ಎಲ್ಲ ತಂಡದವರೂ ಒಟ್ಟಿಗೆ ದನಿ ಎತ್ತಿದಾಗ ಅದನ್ನು ಮುಂದೂಡುವ ಧೈರ್ಯ ಯಾರಿಗೂ ಇರುವುದಿಲ್ಲ.

"ಈಗ ಎಲ್ಲ ಬದಲಾಗಿದೆ, ಆಟಗಾರರಿಗೆ ಕೋಟಿಗಟ್ಟಲೆ ಸಿಗುತ್ತೆ" ಅಂತ ನೀವು ಹೇಳಬಹುದು. ಹೌದು. 2021ರ ಜುಲೈನಿಂದ ತಮ್ಮ ಹೆಸರಿನಿಂದ ದುಡಿಯಬಹುದು. 2025ರ ಜುಲೈನಿಂದ ವಿಶ್ವವಿದ್ಯಾಲಯಗಳೇ ನೇರವಾಗಿ ಆಟಗಾರರಿಗೆ ದುಡ್ಡು ಹಂಚಬಹುದು, ಮೊದಲ ವರ್ಷದ ಮಿತಿ ಸುಮಾರು 2.05 ಕೋಟಿ ಡಾಲರ್. ಅದೇ ಮೆಂಫಿಸ್‌ನಲ್ಲಿ 2024ರಲ್ಲಿ ಫೆಡ್‌ಎಕ್ಸ್ ಕಂಪನಿ ವಿಶ್ವವಿದ್ಯಾಲಯದ ಆಟಗಾರರಿಗೆ ಐದು ವರ್ಷದಲ್ಲಿ 2.5 ಕೋಟಿ ಡಾಲರ್ ಕೊಡುವುದಾಗಿ ಹೇಳಿತು. ವೈಸ್‌ಮನ್ ತಡೆಯಾಜ್ಞೆ ಹಿಡಿದು ಆಡಿದ ಕ್ರೀಡಾಂಗಣಕ್ಕೆ ಇರುವುದು ಅದೇ ಕಂಪನಿಯ ಹೆಸರು.

ಆದರೆ ತನಿಖೆ ನಿಂತಿಲ್ಲ. ಈಗ 600 ಡಾಲರ್ ದಾಟಿದ ಪ್ರತಿ ಒಪ್ಪಂದವನ್ನೂ ಒಂದು ಆಯೋಗ ಪರಿಶೀಲಿಸುತ್ತೆ, ಇದು ನಿಜವಾದ ಜಾಹೀರಾತೋ ಅಥವಾ ಆಟಕ್ಕೆ ಕೊಟ್ಟ ಮರೆಮಾಚಿದ ಸಂಬಳವೋ ಅಂತ. ಹೊರದೇಶದ ಮಕ್ಕಳ ಕಷ್ಟ ಇನ್ನೂ ಬೇರೆ. ವಿದ್ಯಾರ್ಥಿ ವೀಸಾದಲ್ಲಿ ಇರುವವರು ದುಡಿಮೆಗೆ ಎಷ್ಟು ಹೆದರಬೇಕು ಅಂತ ಅಮೆರಿಕಕ್ಕೆ ಮಕ್ಕಳನ್ನು ಕಳಿಸಿದ ನಮ್ಮ ಮನೆಗಳಿಗೆ ನಾನು ಹೇಳಬೇಕಿಲ್ಲ. ಪಕ್ಕದಲ್ಲಿ ಆಡುವ ಅಮೆರಿಕದ ಹುಡುಗ ಜಾಹೀರಾತಿಗೆ ಸಹಿ ಹಾಕಿದರೆ ಆದಾಯ, ಇವನು ಹಾಕಿದರೆ ವೀಸಾಗೇ ಕುತ್ತು. ಹಾಗಾಗಿ "ಸವಲತ್ತು ಪಡೆದ" ಅನ್ನುವ ಸುದ್ದಿ ಇನ್ನೂ ಬರುತ್ತಲೇ ಇರುತ್ತೆ.

ಬಂದಾಗ ದಯವಿಟ್ಟು ಆ ಹುಡುಗನ ಖಾತೆಗೆ ಹೋಗಿ ಬೈಯಬೇಡಿ. ಅವನ ಮನೆಯವರ ಹತ್ತಿರವಂತೂ ಹೋಗಲೇಬೇಡಿ. ಯಾರು ಕೊಟ್ಟರು, ಯಾರಿಗೆ ಗೊತ್ತಿತ್ತು, ಅರ್ಹ ಅಂತ ಸಹಿ ಹಾಕಿದ್ದು ಯಾರು, ಇಷ್ಟನ್ನು ಮೊದಲು ಓದಿ. ನಿಮ್ಮ ತಂಡದ ಹುಡುಗ ಆಗಿದ್ದರೆ ಏನು ಹೇಳುತ್ತಿದ್ದಿರೋ ಅದನ್ನೇ ಎದುರು ತಂಡದವನಿಗೂ ಹೇಳಿ.

ಮೆಂಫಿಸ್ ಅಭಿಮಾನಿಗಳಿಗೆ ನನ್ನದು ಇನ್ನೊಂದು ಕೋರಿಕೆ ಇದೆ. ಆ ಎರಡು ಗೆಲುವನ್ನು ದಾಖಲೆಗೆ ವಾಪಸ್ ಸೇರಿಸಿ ಅಂತ ಕೇಳಿ. ನಿಮ್ಮ ತಂಡದ ಲೆಕ್ಕಕ್ಕಾಗಿ ಅಲ್ಲ. ಆ ಹುಡುಗ ಕಾಲೇಜಿನಲ್ಲಿ ಗೆದ್ದದ್ದು ಆ ಎರಡೇ ಪಂದ್ಯ. ಒರೆಗಾನ್ ಎದುರಿನ ಸೋಲನ್ನು ಮಾತ್ರ ಅವರು ಅಳಿಸಿಲ್ಲ.