ಡೇಟಾಬೇಸ್ ಮುಂಬೈಗೆ ಹೋದ ಮೇಲೆ ಸ್ಕ್ರೀನ್ ಯಾಕೆ ನಿಧಾನ?

ಎಲ್ಲರಿಗೂ ನಮಸ್ಕಾರ.

ಕಚೇರಿಯ ಮೂಲೆಯಲ್ಲಿದ್ದ ಸರ್ವರ್ ತೆಗೆದು ಡೇಟಾಬೇಸನ್ನು ಕ್ಲೌಡ್‌ಗೆ ಸಾಗಿಸಿದ ಮೇಲೆ ಬರುವ ದೂರು ಎಲ್ಲ ಕಡೆಯೂ ಒಂದೇ: "ಮೊದಲು ಕ್ಲಿಕ್ ಮಾಡಿದ ಕೂಡಲೇ ಬರ್ತಿತ್ತು, ಈಗ ಚಕ್ರ ತಿರುಗ್ತಾನೇ ಇರುತ್ತೆ." ಆಮೇಲೆ ನಡೆಯುವುದೂ ಹೆಚ್ಚುಕಡಿಮೆ ಒಂದೇ. ಡೇಟಾಬೇಸ್ ನೋಡಿಕೊಳ್ಳುವವರು ಲಾಗ್ ತೆಗೆದು, ಪ್ರತಿ ಕ್ವೆರಿಯೂ (ಡೇಟಾಬೇಸಿಗೆ ಕೇಳುವ ಪ್ರಶ್ನೆ) ಒಂದು ಮಿಲಿಸೆಕೆಂಡಿನೊಳಗೆ ಮುಗಿದಿದೆ ನೋಡಿ ಅನ್ನುತ್ತಾರೆ. ನೆಟ್‌ವರ್ಕ್‌ನವರು ಸ್ಪೀಡ್ ಟೆಸ್ಟ್ ಮಾಡಿ, 100 ಎಂಬಿಪಿಎಸ್ ಪೂರ್ತಿ ಬರ್ತಿದೆ ಅನ್ನುತ್ತಾರೆ. ಇಬ್ಬರ ಮಾತೂ ನಿಜ. ಕೊನೆಗೆ ಮೇಲಿನವರು 300 ಎಂಬಿಪಿಎಸ್ ಪ್ಲಾನ್‌ಗೆ ಸಹಿ ಹಾಕುತ್ತಾರೆ. ದುಡ್ಡು ಹೋಗುತ್ತದೆ, ಚಕ್ರ ನಿಲ್ಲುವುದಿಲ್ಲ.

ಯಾಕೆ ಅಂತ ಲೆಕ್ಕ ಹಾಕಿಯೇ ನೋಡೋಣ. ಬಿಲ್‌ಗಳ ಪಟ್ಟಿ ತೋರಿಸುವ ಒಂದು ಸ್ಕ್ರೀನ್ ಇದೆ ಅಂತಿಟ್ಟುಕೊಳ್ಳಿ. ಪ್ರೋಗ್ರಾಂ ಮೊದಲು 400 ಬಿಲ್‌ಗಳನ್ನು ಒಂದು ಕ್ವೆರಿಯಲ್ಲಿ ತರುತ್ತದೆ. ಆಮೇಲೆ ಒಂದೊಂದು ಬಿಲ್‌ಗೂ ಗ್ರಾಹಕರ ಹೆಸರು ಕೇಳಿ ಇನ್ನೊಂದು ಕ್ವೆರಿ. ಒಟ್ಟು 401 ಸಲ ಹೋಗಿ ಬರಬೇಕು. ಸರ್ವರ್ ಪಕ್ಕದ ಕೋಣೆಯಲ್ಲಿದ್ದಾಗ ಒಂದು ಸಲ ಹೋಗಿ ಬರಲು ಅರ್ಧ ಮಿಲಿಸೆಕೆಂಡ್. ಎಲ್ಲ ಸೇರಿ 0.2 ಸೆಕೆಂಡ್. ಯಾರಿಗೂ ಗೊತ್ತಾಗುವುದಿಲ್ಲ. ಅದೇ ಪ್ರೋಗ್ರಾಂ ಬೆಂಗಳೂರಿನಲ್ಲಿದ್ದು ಡೇಟಾಬೇಸ್ ಮುಂಬೈಗೆ ಹೋಯಿತು, ಒಂದು ಸುತ್ತಿಗೆ 25 ಮಿಲಿಸೆಕೆಂಡ್ ಅನ್ನಿ. 10 ಸೆಕೆಂಡ್ ಆಯಿತು. ಬೆಲೆ ಕಡಿಮೆ ಅಂತ ಅಮೆರಿಕದ ವರ್ಜೀನಿಯಾದಲ್ಲಿ ಇಟ್ಟರೆ, ಸುತ್ತಿಗೆ 220 ಮಿಲಿಸೆಕೆಂಡ್ ಹಿಡಿದರೂ 88 ಸೆಕೆಂಡ್.

ಈಗ ಬ್ಯಾಂಡ್‌ವಿಡ್ತ್, ಅಂದರೆ ಲೈನಿನಲ್ಲಿ ಸೆಕೆಂಡಿಗೆ ಹರಿಯುವ ಮಾಹಿತಿಯ ಪ್ರಮಾಣದ ಕಡೆ ನೋಡಿ. ಒಂದೊಂದು ಉತ್ತರ 300 ಬೈಟ್ ಅಂದರೂ ಇಷ್ಟೂ ಮಾಹಿತಿ 120 ಕೆಬಿ. 100 ಎಂಬಿಪಿಎಸ್ ಲೈನಿನಲ್ಲಿ ಅದು ಹರಿಯಲು ಸುಮಾರು 10 ಮಿಲಿಸೆಕೆಂಡ್ ಸಾಕು, 300ರಲ್ಲಿ 3. ಅಂದರೆ ಪ್ಲಾನ್ ದೊಡ್ಡದು ಮಾಡಿ ಉಳಿಸಿದ್ದು 88 ಸೆಕೆಂಡಿನಲ್ಲಿ 7 ಮಿಲಿಸೆಕೆಂಡ್! ಸಂತೆಗೆ ಹೋಗಿ ಉಪ್ಪು ತಂದು ಮನೆಯಲ್ಲಿಟ್ಟು, ಮತ್ತೆ ಹೋಗಿ ಬೆಲ್ಲ ತಂದು, ಮತ್ತೆ ಮೆಣಸಿನಕಾಯಿಗೆ ಹೊರಟವನಿಗೆ ರಸ್ತೆ ಅಗಲ ಮಾಡಿಸಿಕೊಟ್ಟರೆ ಏನು ಪ್ರಯೋಜನ?

ಈ ಹೋಗಿ ಬರುವ ಸಮಯವನ್ನೇ ಕಡಿಮೆ ಮಾಡಬಹುದಲ್ಲ ಅಂತ ಕೇಳಬಹುದು. ಒಂದು ಮಟ್ಟದವರೆಗೆ, ಅಷ್ಟೆ. ಗಾಜಿನ ಫೈಬರ್‌ನೊಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಓಡುತ್ತದೆ, ನಿರ್ವಾತದಲ್ಲಿ ಓಡುವುದರ ಮೂರನೇ ಎರಡರಷ್ಟು. ಹೋಗಿ ಬರುವ ಲೆಕ್ಕದಲ್ಲಿ 100 ಕಿ.ಮೀ.ಗೆ 1 ಮಿಲಿಸೆಕೆಂಡ್. ಬೆಂಗಳೂರಿನಿಂದ ವರ್ಜೀನಿಯಾ ಕಡೆಗೆ ನೇರ ಗೆರೆ ಎಳೆದರೂ ಸುಮಾರು 13,700 ಕಿ.ಮೀ., ಹಾಗಾಗಿ 137 ಮಿಲಿಸೆಕೆಂಡಿಗಿಂತ ಕೆಳಗೆ ಯಾವ ಫೈಬರ್ ಕಂಪನಿಯೂ ಇಳಿಸಲಾರದು. ಕೇಬಲ್ ನೇರವಾಗಿ ಹೋಗುವುದೂ ಇಲ್ಲ. ಸಮುದ್ರ ಸುತ್ತಿ, ನಡುವೆ ಹತ್ತಾರು ರೂಟರ್ ಹಾದು ಹೋಗುತ್ತದೆ. 200 ದಾಟುವುದು ಅದಕ್ಕೇ.

ಮಿಲಿಸೆಕೆಂಡಿಗಾಗಿ ಹಟ ತೊಟ್ಟವರೂ ಇದ್ದಾರೆ. 2010ರಲ್ಲಿ ಸ್ಪ್ರೆಡ್ ನೆಟ್‌ವರ್ಕ್ಸ್ ಎಂಬ ಕಂಪನಿ ಷಿಕಾಗೋದಿಂದ ನ್ಯೂಯಾರ್ಕ್ ಪಕ್ಕದ ನ್ಯೂಜೆರ್ಸಿಗೆ ಆದಷ್ಟು ನೇರವಾಗಿ ಹೊಸ ಫೈಬರ್ ಎಳೆಯಿತು. ಷೇರು ವಹಿವಾಟಿನವರಿಗೆ ಅದರಿಂದ ಸಿಕ್ಕಿದ್ದು ಮೂರು ಮಿಲಿಸೆಕೆಂಡಿನ ಆಸುಪಾಸು. ಕೆಲವೇ ವರ್ಷಗಳಲ್ಲಿ ಮೈಕ್ರೋವೇವ್ ಗೋಪುರಗಳು ಅದನ್ನೂ ಹಿಂದೆ ಹಾಕಿದವು, ಗಾಳಿಯಲ್ಲಿ ಸಂಕೇತ ಗಾಜಿಗಿಂತ ಬೇಗ ಹೋಗುತ್ತದಲ್ಲ. ನಮ್ಮ ಬಿಲ್ಲಿಂಗ್ ಸಾಫ್ಟ್‌ವೇರ್‌ಗೆ ಯಾರೂ ಗುಡ್ಡ ಕೊರೆದು ಕೇಬಲ್ ಎಳೆದುಕೊಡುವುದಿಲ್ಲ. ಕಂಪ್ಯೂಟರ್ ವಿಜ್ಞಾನಿ ಡೇವಿಡ್ ಪ್ಯಾಟರ್ಸನ್ 2004ರಲ್ಲೇ ಪ್ರೊಸೆಸರ್, ಮೆಮೊರಿ, ಡಿಸ್ಕ್, ನೆಟ್‌ವರ್ಕ್ ನಾಲ್ಕನ್ನೂ ಅಕ್ಕಪಕ್ಕ ಇಟ್ಟು ತೋರಿಸಿದ್ದರು: ಬ್ಯಾಂಡ್‌ವಿಡ್ತ್ ಎರಡು ಪಟ್ಟು ಬೆಳೆಯುವಷ್ಟರಲ್ಲಿ ಲೇಟೆನ್ಸಿ (ಉತ್ತರಕ್ಕೆ ಕಾಯುವ ಸಮಯ) ಸುಧಾರಿಸುವುದು 1.2ರಿಂದ 1.4 ಪಟ್ಟು ಮಾತ್ರ.

ಹಾಗಾಗಿ ನಾವು ಎಣಿಸಬೇಕಾದದ್ದು ಸುತ್ತುಗಳನ್ನು. ಅವು ಕಣ್ಣಿಗೆ ಬೀಳದ ಜಾಗದಲ್ಲಿ ಕೂತಿರುತ್ತವೆ. ಕನೆಕ್ಷನ್ ತೆರೆಯುವುದನ್ನೇ ತೆಗೆದುಕೊಳ್ಳಿ. ಎರಡು ಕಂಪ್ಯೂಟರ್‌ಗಳ ಸಂಪರ್ಕ ಶುರುಮಾಡುವ ಟಿಸಿಪಿ ಕೈಕುಲುಕಲು ಒಂದು ಸುತ್ತು, ಮಾತನ್ನು ಗುಟ್ಟಾಗಿಡುವ ಟಿಎಲ್‌ಎಸ್ 1.2 ಆದರೆ ಎರಡು (2018ರಲ್ಲಿ ಬಂದ 1.3ರಲ್ಲಿ ಒಂದೇ), ಆಮೇಲೆ ಪಾಸ್‌ವರ್ಡ್ ಮಾತುಕತೆಗೆ ಇನ್ನೊಂದೆರಡು. ವರ್ಜೀನಿಯಾದಷ್ಟು ದೂರದ ಸರ್ವರ್‌ಗೆ ಪ್ರತಿ ಸಲ ಹೊಸ ಕನೆಕ್ಷನ್ ತೆರೆದರೆ ಕ್ವೆರಿ ಹೊರಡುವ ಮೊದಲೇ ಒಂದು ಸೆಕೆಂಡ್ ಹೋಗಿರುತ್ತದೆ. ಕನೆಕ್ಷನ್ ಪೂಲ್ (ತೆರೆದಿಟ್ಟು ಮತ್ತೆ ಮತ್ತೆ ಬಳಸುವ ಕನೆಕ್ಷನ್‌ಗಳು) ಇಟ್ಟುಕೊಳ್ಳಿ ಅನ್ನುವುದು ಇದಕ್ಕೇ. ಇನ್ನೊಂದು, ಒರೇಕಲ್ ಡೇಟಾಬೇಸಿಗೆ ಜಾವಾ ಪ್ರೋಗ್ರಾಂಗಳನ್ನು ಜೋಡಿಸುವ ಜೆಡಿಬಿಸಿ ಡ್ರೈವರ್. ನೀವು ಏನೂ ಹೇಳದಿದ್ದರೆ ಅದು ಒಂದು ಸಲಕ್ಕೆ 10 ಸಾಲು ತರುತ್ತದೆ. 5,000 ಸಾಲಿನ ವರದಿಗೆ 500 ಸುತ್ತು! ಫೆಚ್ ಸೈಜ್ (ಒಂದು ಸಲಕ್ಕೆ ತರುವ ಸಾಲುಗಳ ಸಂಖ್ಯೆ) 500 ಅಂತ ಕೋಡ್‌ನಲ್ಲಿ ಒಂದು ಸಾಲು ಬರೆದರೆ ಅದು 10 ಸುತ್ತಿಗೆ ಇಳಿಯುತ್ತದೆ.

ನನ್ನ ಪ್ರಕಾರ ಇವೆಲ್ಲಕ್ಕಿಂತ ಕೆಟ್ಟದ್ದು ಲಾಕ್, ಅಂದರೆ ಬೇರೆಯವರು ಬದಲಿಸದಂತೆ ಒಂದು ಸಾಲನ್ನು ಹಿಡಿದಿಡುವುದು. ಒಂದು ಟ್ರಾನ್ಸಾಕ್ಷನ್‌ನಲ್ಲಿ (ಪೂರ್ತಿ ಆಗಬೇಕು, ಇಲ್ಲವೇ ಏನೂ ಆಗಬಾರದು ಎಂಬಂಥ ಕೆಲಸ) ಐದು ಹೆಜ್ಜೆ: ಸ್ಟಾಕ್ ಸಾಲನ್ನು ಲಾಕ್ ಮಾಡಿ ಓದು, ಕಡಿಮೆ ಮಾಡು, ಬಿಲ್ ಸೇರಿಸು, ಬಿಲ್ಲಿನ ವಿವರ ಸೇರಿಸು, ಕಮಿಟ್ (ಎಲ್ಲವನ್ನೂ ಖಾಯಂ ಮಾಡು). ಮೊದಲ ಹೆಜ್ಜೆಯಲ್ಲಿ ಹಿಡಿದ ಲಾಕ್ ಕಮಿಟ್ ಬರುವವರೆಗೆ ಬಿಡುವುದಿಲ್ಲ. ನಡುವೆ ನಾಲ್ಕು ಸುತ್ತು, ಮುಂಬೈ ಲೆಕ್ಕದಲ್ಲಿ 100 ಮಿಲಿಸೆಕೆಂಡ್. ಆ ಸರಕನ್ನು ಎಷ್ಟೇ ಕೌಂಟರ್‌ಗಳಲ್ಲಿ ಮಾರಿ, ಸೆಕೆಂಡಿಗೆ 10 ಬಿಲ್ ಮೇಲೆ ಏಳುವುದಿಲ್ಲ. ಸರ್ವರ್‌ನ ಸಿಪಿಯು ಮಾತ್ರ ಆರಾಮಾಗಿ ಕೂತಿರುತ್ತದೆ. ಅದನ್ನು ನೋಡಿ ದೊಡ್ಡ ಮೆಷಿನ್ ತಂದರೂ ಒಂದು ಬಿಲ್ ಹೆಚ್ಚಾಗುವುದಿಲ್ಲ. ಇಂಥ ಕಡೆ ಐದೂ ಹೆಜ್ಜೆಯನ್ನು ಒಂದು ಸ್ಟೋರ್ಡ್ ಪ್ರೊಸೀಜರ್‌ಗೆ (ಡೇಟಾಬೇಸಿನೊಳಗೇ ಓಡುವ ಚಿಕ್ಕ ಪ್ರೋಗ್ರಾಂ) ತುಂಬಿ ಒಂದೇ ಸಲ ಕಳಿಸುವುದು ಸರಿ. ಸ್ಟೋರ್ಡ್ ಪ್ರೊಸೀಜರ್ ಹಳೇ ಕಾಲದ್ದು ಅಂತ ಮೂಗು ಮುರಿಯುವವರಿದ್ದಾರೆ, ಮುರಿಯಲಿ.

ಬ್ಯಾಂಡ್‌ವಿಡ್ತ್ ಬೇಡವೇ ಬೇಡ ಅಂತಲ್ಲ. ಬ್ಯಾಕಪ್, ಲಕ್ಷಗಟ್ಟಲೆ ಸಾಲಿನ ವರದಿ, ಟೇಬಲ್ಲಿನಲ್ಲೇ ಫೋಟೋ ಪಿಡಿಎಫ್ ತುಂಬಿಸಿಟ್ಟು ಎಲ್ಲ ಕಾಲಂ ತರಿಸುವ ಕ್ವೆರಿ, ಇವಕ್ಕೆ ಅದೇ ಬೇಕು. ಅಲ್ಲೂ ದೂರ ಅಡ್ಡ ಬರಬಹುದು. ತಲುಪಿತು ಎಂಬ ಒಪ್ಪಿಗೆ ಬರುವ ಮೊದಲು ಟಿಸಿಪಿ ಕಳಿಸಬಹುದಾದದ್ದು ವಿಂಡೋ ಎಂಬ ಮಿತಿ ಇದ್ದಷ್ಟು. ಆ ಮಿತಿಯನ್ನು ಹಿಗ್ಗಿಸುವ ವಿಂಡೋ ಸ್ಕೇಲಿಂಗ್ ಇಲ್ಲದಿದ್ದರೆ ಅದು 64 ಕೆಬಿ. ಸುತ್ತಿಗೆ 220 ಮಿಲಿಸೆಕೆಂಡ್ ಇರುವ ದಾರಿಯಲ್ಲಿ 64 ಕೆಬಿ ಅಂದರೆ 2.4 ಎಂಬಿಪಿಎಸ್‌ಗೆ ಹತ್ತಿರ. ಲೈನ್ 300ರದ್ದಾದರೂ ಅಷ್ಟೇ. ಇವತ್ತಿನ ಆಪರೇಟಿಂಗ್ ಸಿಸ್ಟಂಗಳು ಸ್ಕೇಲಿಂಗ್ ತಾವೇ ಹಾಕಿಕೊಳ್ಳುತ್ತವೆ. ನಡುವೆ ಕೂತ ಹಳೆಯ ಫೈರ್‌ವಾಲ್ ಅದನ್ನು ಕಿತ್ತು ಹಾಕಿದರೆ ಬೈಗುಳ ಮಾತ್ರ ಇಂಟರ್‌ನೆಟ್ ಕಂಪನಿಗೆ.

ಮೊದಲ ಮದ್ದು ಯಾವುದು? ಪ್ರೋಗ್ರಾಂ ಬದಲಿಸಲು ಸಾಧ್ಯವಿದ್ದರೆ ಆ 401 ಕ್ವೆರಿಯನ್ನು ಒಂದು ಜಾಯಿನ್‌ಗೆ (ಎರಡು ಟೇಬಲ್ ಸೇರಿಸಿ ಕೇಳುವ ಒಂದೇ ಕ್ವೆರಿ) ಇಳಿಸಿ, 10 ಸೆಕೆಂಡ್ ಹೋಗಿ ಒಂದು ಸುತ್ತಿನ ಸಮಯ ಆಗುತ್ತದೆ. ಸಾಧ್ಯವಿಲ್ಲದಿದ್ದರೆ, ಮಾಡಿದವರು ಯಾರೋ, ಸೋರ್ಸ್ ಕೋಡ್ ಎಲ್ಲಿದೆಯೋ ಎಂಬಂಥ ಹಳೇ ವಿಬಿ (ವಿಶುವಲ್ ಬೇಸಿಕ್) ಅಪ್ಲಿಕೇಶನ್ ಆದರೆ, ಪ್ರೋಗ್ರಾಮನ್ನೇ ಡೇಟಾಬೇಸ್ ಪಕ್ಕ ಕೂರಿಸಿ ರಿಮೋಟ್ ಡೆಸ್ಕ್‌ಟಾಪ್‌ನಲ್ಲಿ ತೆರೆಯಿರಿ. ಆಗ ದೂರ ಪ್ರಯಾಣ ಮಾಡುವುದು ಸ್ಕ್ರೀನಿನ ಚಿತ್ರ, ಕ್ವೆರಿ ಅಲ್ಲ. ಹೊಸದಾಗಿ ಕಟ್ಟುವವರು ಅಪ್ಲಿಕೇಶನ್ ಸರ್ವರ್ ಮತ್ತು ಡೇಟಾಬೇಸ್ ಎರಡನ್ನೂ ಒಂದೇ ರೀಜನ್‌ನಲ್ಲಿ (ಕ್ಲೌಡ್ ಕಂಪನಿಯ ಡೇಟಾ ಸೆಂಟರ್‌ಗಳಿರುವ ಪ್ರದೇಶ) ಇಡಬೇಕು. ಅಮೆಜಾನ್‌ನ ಮುಂಬೈ ರೀಜನ್ 2016ರಲ್ಲೇ ಶುರುವಾಯಿತು, ಹೈದರಾಬಾದಿನದು 2022ರಲ್ಲಿ. ಒಂದನ್ನು ಅಲ್ಲಿ ಒಂದನ್ನು ಇಲ್ಲಿ ಇಡಲು ಕಾರಣವಿಲ್ಲ.

ಪೋಸ್ಟ್‌ಗ್ರೆಸ್ ಡೇಟಾಬೇಸ್ ಬಳಸುವವರು ಕ್ವೆರಿಗಳ ಅಂಕಿಅಂಶ ಇಡುವ ಪಿಜಿ ಸ್ಟ್ಯಾಟ್ ಸ್ಟೇಟ್‌ಮೆಂಟ್ಸ್‌ನಲ್ಲಿ ಸಮಯದ ಕಾಲಂ ಬಿಟ್ಟು ಕಾಲ್ಸ್ (ಎಷ್ಟು ಸಲ ಓಡಿತು) ಕಾಲಂ ಪ್ರಕಾರ ಸಾರ್ಟ್ ಮಾಡಿ. ಚಿಕ್ಕ ಕ್ವೆರಿಗಳ ದಂಡು ಅಲ್ಲಿ ಸಿಕ್ಕಿಬೀಳುತ್ತದೆ. ಇನ್ನು ಪ್ರೋಗ್ರಾಂ ಬರೆಯುವಾಗ ಡೇಟಾಬೇಸ್ ನಿಮ್ಮ ಲ್ಯಾಪ್‌ಟಾಪ್‌ನಲ್ಲೇ ಇರುವುದರಿಂದ ಈ ತೊಂದರೆ ಕಾಣುವುದೇ ಇಲ್ಲ. ಲಿನಕ್ಸ್‌ನ ಟಿಸಿ ಕಮಾಂಡಿನಲ್ಲಿ ನೆಟ್‌ಎಮ್ ಎಂಬುದಿದೆ, ಬೇಕಾದಷ್ಟು ತಡವನ್ನು ನಾವೇ ಸೇರಿಸಬಹುದು. ಲೂಪ್‌ಬ್ಯಾಕ್‌ಗೆ (ಕಂಪ್ಯೂಟರ್ ತನ್ನೊಂದಿಗೇ ಮಾತಾಡುವ ದಾರಿ) ಹಾಕುವಾಗ ಹೋಗುವಾಗಲೂ ಬರುವಾಗಲೂ ತಡ ಸೇರುತ್ತದೆ, ಆದ್ದರಿಂದ 25 ಬೇಕಿದ್ದರೆ 12.5 ಕೊಡಿ. ಈಗ ಇದೇ ಲ್ಯಾಪ್‌ಟಾಪ್‌ನಲ್ಲಿ ಹಾಕಿ ತೋರಿಸುತ್ತೇನೆ. ನಿಮ್ಮಲ್ಲಿ ಯಾರಾದರೂ ಸ್ವಂತ ಪ್ರಾಜೆಕ್ಟ್ ತಂದಿದ್ದರೆ ಮುಂದೆ ಬನ್ನಿ, ಅದನ್ನೇ ಓಡಿಸೋಣ.