ಚೆಕ್ ಕೇಸಿನ್ಯಾಗ ವಕೀಲರಿಲ್ಲದ ನಿಲ್ಲೋ ಮೊದಲ

ಹುಬ್ಬಳ್ಳಿ-ಧಾರವಾಡದಾಗ ಚೆಕ್ ಬೌನ್ಸ್ ಕೇಸ್ ಬಿತ್ತಂದ್ರ ಭಾಳ ಮಂದಿ ಹೇಳೋ ಮಾತು ಇದು: "ರೊಕ್ಕ ಮುಟ್ಟಿಸೇನ್ರಿ, ಖರೆ ನನ್ನ ಕಡೆ ಅದ. ವಕೀಲರ ಫೀ ಯಾಕ ಕೊಡ್ಲಿ? ಸಾಹೇಬರ ಮುಂದ ನಾನ ಹೇಳ್ತೇನಿ."

ಹೇಳಬಹುದು. ನಿಮ್ಮ ಕೇಸು ನೀವ ನಡಸಾಕ ಯಾರ ಪರವಾನಗಿನೂ ಬ್ಯಾಡ. ಅಣ್ಣನೋ ಗೆಳೆಯನೋ ನಿಮ್ಮ ಪರವಾಗಿ ಮಾತಾಡ್ಬೇಕಂದ್ರ ಮಾತ್ರ ಕೋರ್ಟಿನ ಅನುಮತಿ ಬೇಕು. ಕೆಳಗಿನ ಕೋರ್ಟಿನ್ಯಾಗ ಕನ್ನಡಾನೂ ನಡೀತದ. ಆದ್ರೂ ಚೆಕ್ ಕೇಸಿನ್ಯಾಗ ಒಬ್ಬರ ನಿಲ್ಲಬ್ಯಾಡ್ರಿ ಅಂತನ ನನ್ನ ಅಭಿಪ್ರಾಯ.

ಯಾಕಂದ್ರ ಬ್ಯಾರೆ ಕ್ರಿಮಿನಲ್ ಕೇಸಿನ್ಯಾಗ ತಪ್ಪು ಸಾಬೀತು ಮಾಡೋ ಹೊರೆ ಎದುರಿನವರದ್ದು. ಇಲ್ಲಿ ಸಹಿ ನಿಮ್ಮದಂತ ಆತಂದ್ರ, ಸಾಲ ಇತ್ತು ಅಂತನ ಕೋರ್ಟು ಹಿಡಕೊಂಡು ಹೊಂಟ್ತದ. ನೆಗೋಶಿಯೇಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 139ನೇ ಕಲಂ ಹಂಗ ಹೇಳ್ತದ. ಅದನ್ನ ಅಲುಗಾಡಿಸೋ ಕೆಲಸ ನಿಮ್ಮದು. ಸುಮ್ಮನ ಕೂತ್ರ ಸೋತ್ರಿ.

ಕೆಡೋದು ನೋಟೀಸಿನಿಂದನ ಸುರು. ನೋಟೀಸ್ ಕೈಗೆ ಬಂದ ಮ್ಯಾಲ ರೊಕ್ಕ ಕಟ್ಟಾಕ 15 ದಿನ ಇರ್ತದ. "ಭದ್ರತೆಗೆ ಕೊಟ್ಟ ಚೆಕ್ಕು, ಸಾಲ ತೀರಿಸೇನಿ" ಅಂತ ಆಗನ ರಿಜಿಸ್ಟರ್ ಪೋಸ್ಟಿನ್ಯಾಗ ಉತ್ತರ ಬರೀರಿ. ಅದ ಮಾತನ್ನ ಕೋರ್ಟಿಗೆ ಬಂದ ಮ್ಯಾಲ ಮೊದಲನೇ ಸಲ ಹೇಳಿದ್ರ, ಆಮ್ಯಾಲ ಕಟ್ಟಿದ ಕಥಿ ಅಂತಾರ.

ಇನ್ನ ತಾರೀಖು. ವಕೀಲರಿದ್ದವರು ಗೈರುಹಾಜರಿ ಮಾಫಿ ಅರ್ಜಿ ಹಾಕಿಸ್ತಾರ. ನಿಮಗ ವಕೀಲರ ಇಲ್ಲಂದ್ರ ಹಾಕವರ್ಯಾರು? ಕುಂದಗೋಳದಿಂದನೋ ನವಲಗುಂದದಿಂದನೋ ಪ್ರತಿ ತಾರೀಖಿಗೂ ನೀವ ಬರಬೇಕು. ತಪ್ಪಿದ್ರ ವಾರಂಟು.

ಮೊದಲನೇ ಹಂತದಾಗ "ತಪ್ಪು ಒಪ್ಕೋತೀರೇನು?" ಅಂತ ಕೇಳ್ತಾರ. "ರೊಕ್ಕ ತಗೊಂಡಿದ್ದು ಖರೆರಿ, ಆದ್ರ…" ಅಂತ ಸುರು ಮಾಡಿದ್ರ ಆ ಮೊದಲನೇ ಅರ್ಧನ ನಿಮಗ ಉರುಳಾಗ್ತದ. "ಒಪ್ಪೋದಿಲ್ಲ" ಅಂದು, ನಿಮ್ಮ ತಕರಾರು ಏನಂತ ಎರಡು ಸಾಲಿನ್ಯಾಗ ಹೇಳ್ರಿ. ಆಮ್ಯಾಲ ಫಿರ್ಯಾದಿಯನ್ನ ಕಟಕಟೆಗೆ ಕರೆಸಿ ಪಾಟಿ ಸವಾಲು ಮಾಡ್ತೇನಿ ಅಂತ ಅದ ನೆಗೋಶಿಯೇಬಲ್ ಕಾಯ್ದೆಯ 145(2)ನೇ ಕಲಮಿನ ಅರ್ಜಿ ಕೊಡ್ರಿ. ಕೊಡದಿದ್ರ ಫಿರ್ಯಾದಿ ಬರಹದಾಗ ಕೊಟ್ಟ ಸಾಕ್ಷ್ಯ, ಅಂದ್ರ ಅಂವನ ಪ್ರಮಾಣ ಪತ್ರ (ಅಫಿಡವಿಟ್), ಯಾರೂ ಮುಟ್ಟದ ಹಂಗ ಉಳೀತದ.

ಈ ಪಾಟಿ ಸವಾಲಿನ್ಯಾಗನ ಕೇಸು ನಿಲ್ಲೋದು, ಇಲ್ಲಾ ಬೀಳೋದು. "ಸುಳ್ಳ ಹೇಳ್ತಿ, ದೇವರ ಆಣಿ ಮಾಡು" ಅಂದ್ರ ಅದು ಪ್ರಶ್ನೆ ಅಲ್ಲ. "ಹಂಗಾದ್ರ ನಾ ಚೆಕ್ ಯಾಕ ಕೊಟ್ಟೆ?" ಅಂತ ಕೇಳಿದ್ರ ಇನ್ನೂ ಕೆಟ್ಟದ್ದು. ಫಿರ್ಯಾದಿ ತನ್ನ ಕಥಿ ಪೂರಾ ಮತ್ತೊಮ್ಮೆ ಹೇಳ್ತಾನ, ಸಾಹೇಬರು ಬರಸ್ಕೋತಾರ. ಕೇಳಬೇಕಾದ್ದು ಹಿಂಗ: ಕೊಟ್ಟ ದಿನ ಯಾವುದು? 6 ಲಕ್ಷ ನಗದು ಎಲ್ಲಿಂದ ಬಂತು, ಬ್ಯಾಂಕಿನಿಂದ ತಗದಿದ್ರೇನು? ಆ ವರ್ಷದ ಇನ್‌ಕಮ್ ಟ್ಯಾಕ್ಸ್ ರಿಟರ್ನಿನ್ಯಾಗ ತೋರಿಸೀರೇನು? ಕೈಗಡದ ಕೇಸಿನ್ಯಾಗ ಇದರ ತೂಕ ದೊಡ್ಡದು. ಕರ್ನಾಟಕದಿಂದ ಹೋದ ಒಂದು ಚೆಕ್ ಕೇಸಿನ್ಯಾಗ 2019ರಾಗ ಸುಪ್ರೀಂ ಕೋರ್ಟು, ಕೊಡೋ ಶಕ್ತಿ ಇತ್ತೇನು ಅನ್ನೋ ಪ್ರಶ್ನೆ ಎದ್ದಾಗ ಫಿರ್ಯಾದಿ ಅದನ್ನ ತೋರಿಸಬೇಕು ಅಂತ ಹೇಳಿ ಆರೋಪಿಯನ್ನ ಬಿಟ್ಟದ. "ಚೆಕ್ಕಿನ ಮ್ಯಾಲ ಬರದಿದ್ದು ನನ್ನ ಅಕ್ಷರ ಅಲ್ಲ" ಅನ್ನೋದೊಂದನ್ನ ನಂಬಿ ಮಾತ್ರ ಕೂಡಬ್ಯಾಡ್ರಿ. ಸಹಿ ಮಾಡಿದ ಖಾಲಿ ಚೆಕ್ಕನ್ನ ಬ್ಯಾರೆಯವರು ತುಂಬಿದ್ರೂ 139 ಹಂಗ ಇರ್ತದ.

ಮತ್ತ, ನಿಮ್ಮ ವಾದ ಏನದನೋ ಅದನ್ನ ಸಾಕ್ಷಿಯ ಮುಂದನ ಇಡಬೇಕು: "ಸಾಲ ತೀರಿತ್ತು, ಭದ್ರತೆಗೆ ಕೊಟ್ಟ ಚೆಕ್ ವಾಪಸ್ ಕೊಡ್ಲಿಲ್ಲ, ಹೌದಲ್ಲೋ?" ಅಂವ ಅಲ್ಲಗಳೀತಾನ, ಅಲ್ಲಗಳೀಲಿ. ಕೇಳದ ಬಿಟ್ಟಿದ್ದನ್ನ ಕಡೀಕ ವಾದದಾಗ ಎತ್ತಿದ್ರ ಅದಕ್ಕ ಬುಡ ಇರೂದಿಲ್ಲ.

ಆಮ್ಯಾಲ ಆರೋಪಿ ಹೇಳಿಕೆ, ಅಂದ್ರ ಕ್ರಿಮಿನಲ್ ಕೇಸು ನಡಸೋ ಹೊಸ ಕಾಯ್ದೆ ಬಿಎನ್‌ಎಸ್‌ಎಸ್‌ನ 351ನೇ ಕಲಂ. ಇಲ್ಲೇ ಮಂದಿ ಮನಸು ಬಿಚ್ಚಿ ಎಲ್ಲಾ ಹೇಳಿ, ಮುಗೀತು ಅಂದ್ಕೊಂಡು ಹೋಗ್ತಾರ. ಪ್ರಮಾಣ ಇಲ್ಲದ ಆ ಹೇಳಿಕೆ ಸಾಕ್ಷ್ಯ ಆಗೂದಿಲ್ಲ. ನೀವು ಸಾಕ್ಷಿ ನುಡೀಬೇಕಂದ್ರ ಅದ ಕಾಯ್ದೆಯ 353ನೇ ಕಲಮಿನ ಪ್ರಕಾರ ಬರಹದಾಗ ಕೇಳ್ಕೋಬೇಕು. ಫೋನ್‌ಪೇ ಸ್ಕ್ರೀನ್‌ಶಾಟ್ ತೋರಿಸಿದ್ರ ಸಾಲದು, ಅದಕ್ಕ ಹೊಸ ಸಾಕ್ಷ್ಯ ಕಾಯ್ದೆಯ 63ನೇ ಕಲಮಿನ ಸರ್ಟಿಫಿಕೇಟು ಬೇಕು.

ಇಷ್ಟೆಲ್ಲಾ ಒಬ್ಬ ಟೇಲರ್‌ಗೋ ಕಿರಾಣಿ ಅಂಗಡಿಯವರಿಗೋ ಯಾರು ಹೇಳಬೇಕು? ಮೊದಲನೇ ತಾರೀಖಿಗೇ ಕೋರ್ಟಿನವರು ಈ 145(2), 353 ಇವನ್ನ ಕನ್ನಡದಾಗ ಒಂದು ಹಾಳಿ ಮ್ಯಾಲ ಅಚ್ಚು ಹಾಕಿಸಿ ಕೈಗೆ ಕೊಡಬೇಕು ಅಂತ ನಾನು ಗಟ್ಟಿಯಾಗಿ ಹೇಳ್ತೇನಿ. ಎರಡು ವರ್ಷದ ತನಕ ಜೈಲು, ಚೆಕ್ಕಿನ ಎರಡು ಪಟ್ಟಿನ ತನಕ ದಂಡ ಇರೋ ಕೇಸಿದು. ತಿಳೀಲಿಲ್ಲ ಅನ್ನೋದೊಂದ ಕಾರಣಕ್ಕ ಯಾರೂ ಸೋಲಬಾರದು.

ಫೀ ಕೊಡಾಕ ಆಗೂದಿಲ್ಲಂದ್ರ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕ ಹೋಗ್ರಿ, ಇಲ್ಲಾ 15100ಕ್ಕ ಫೋನ್ ಹಚ್ಚರಿ. ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ-ಪಂಗಡದವರಿಗೆ, ಬಂಧನದಾಗಿದ್ದವರಿಗೆ ಆದಾಯ ಎಷ್ಟಿದ್ರೂ ವಕೀಲರು ಪುಕ್ಕಟೆ. ಇಂಥ ಇನ್ನೂ ಕೆಲವರನ್ನ ಬಿಟ್ರ ಉಳಿದವರಿಗೆ ಆದಾಯದ ಮಿತಿ ಅದ. ಪೂರಾ ಕೇಸು ನಾನ ನಡಸ್ತೀನಂದ್ರೂ ಪಾಟಿ ಸವಾಲಿನ ದಿನಕ್ಕರ ವಕೀಲರನ್ನ ಹಿಡೀರಿ. ಅದಕ್ಕಿಂತ ಮೊದಲ ನಕಲು ಅರ್ಜಿ ಹಾಕಿ ಫಿರ್ಯಾದು, ಪ್ರಮಾಣ ಪತ್ರ, ಚೆಕ್ಕು, ಚೆಕ್ ವಾಪಸ್ ಬಂದದ್ದಕ್ಕ ಬ್ಯಾಂಕು ಕೊಟ್ಟ ಮೆಮೊ, ನೋಟೀಸು, ಅಂಚೆ ರಸೀದಿ ಇವಷ್ಟೂ ತಗೊಂಡು, ಅದರಾಗಿನ ದಿನಾಂಕಗಳನ್ನ ಒಂದರ ಪಕ್ಕ ಒಂದು ಇಟ್ಟು ನೋಡ್ರಿ.